ಬೆಳ್ಳುಳ್ಳಿ ಅಂಗಿ ತೊಟ್ಟದ್ದು

ಲೋಕ ಆಗಿನ್ನೂ ಹೊಸದು. ಗುಡ್ಡಗಳ ಮೈ ಹಸಿಯಾಗಿತ್ತು. ಕೈ ಊರಿದರೆ ಬೆರಳಚ್ಚು ಮೂಡುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಪೂರ್ತಿ ಖಾತ್ರಿಯಾಗಿರಲಿಲ್ಲ. ಇವತ್ತು ಊರ ಮುಂದೆ, ನಾಳೆ ಊರ ಹಿಂದೆ. ಯಾವ ದನಿ ಯಾರಿಗೆ ಎಂದು ಕಾಗೆ ಕೋಗಿಲೆಗಳ ನಡುವೆ ತಕರಾರು ನಡೆದೇ ಇತ್ತು. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದ ಕಾಲ ಅದು. ಹಾಗಾಗಿ ಗುಟ್ಟು ಕಡಿಮೆ, ಗದ್ದಲ ಜಾಸ್ತಿ.

ಆ ಕಾಲದಲ್ಲಿ ಲೋಕಕ್ಕೆಲ್ಲ ಒಂದೇ ಒಂದು ಬೆಳ್ಳುಳ್ಳಿ ಇತ್ತು.

ಅವಳು ನೀವು ಈಗ ನೋಡುವ ಹಾಗೆ ಇರಲಿಲ್ಲ. ಎಸಳಿಲ್ಲ, ಸಿಪ್ಪೆಯಿಲ್ಲ. ಊರ ಬಾವಿಯ ಪಕ್ಕ ಕುಂಬಳಕಾಯಿಯಷ್ಟು ದಪ್ಪಗೆ, ಬೆಳ್ಳಗೆ, ಬರಿಮೈಯಲ್ಲಿ ಕೂತಿರುತ್ತಿದ್ದಳು. ವಾಸನೆಯಂತೂ ಒಂದಿಷ್ಟೂ ಇರಲಿಲ್ಲ. ಬೇಕಾದವರು ಬಂದು ಉಗುರಿನಿಂದ ಕೆರೆದುಕೊಂಡು ಹೋಗುತ್ತಿದ್ದರು. ಕೆರೆದ ಜಾಗ ಬೆಳಗಾಗುವುದರೊಳಗೆ ತುಂಬಿಕೊಳ್ಳುತ್ತಿತ್ತು. ಕೊಡುವುದಕ್ಕೆ ಅವಳಿಗೆ ದಣಿವಿರಲಿಲ್ಲ. ಇಲ್ಲ ಎನ್ನುವುದು ಅವಳ ಬಾಯಿಗೆ ಬರುತ್ತಲೇ ಇರಲಿಲ್ಲ.

ಆ ಊರಿನಲ್ಲಿ ಬಾಳವ್ವ ಎಂಬ ಹೆಂಗಸು ಇದ್ದಳು. ಹೆರಿಗೆ ಮಾಡಿಸುವುದು ಅವಳ ಕೆಲಸ. ಪ್ರಶ್ನೆ ಕೇಳುವುದು ಅವಳ ಚಟ. ‘ಮುಳುಗೋವಾಗ ಕೆಂಪಗಾಗ್ತೀಯಲ್ಲ, ಅದು ನಾಚಿಕಿಗೋ ದಣಿವಿಗೋ’ ಎಂದು ಸೂರ್ಯನನ್ನೇ ಕೇಳಿ, ಅವನು ಮೋಡದ ಹಿಂದೆ ಹೋಗುವ ಹಾಗೆ ಮಾಡಿದವಳು. ‘ಮನಿ ಹೊತ್ಕೊಂಡೇ ತವರಿಗೆ ಹೋದ್ರ ಅದು ಹೋದಂಗಾತೋ ಇಲ್ಲೋ’ ಎಂದು ಆಮೆಯನ್ನು ಕೇಳಿದ್ದಕ್ಕೆ, ಆಮೆ ಇವತ್ತಿನವರೆಗೂ ತಲೆ ಒಳಗೆ ಎಳೆದುಕೊಂಡು ಯೋಚನೆ ಮಾಡುತ್ತಿದೆ. ಊರಿನವರು ಬಾಳವ್ವ ಬರುವುದು ಕಂಡರೆ ಕೆಲಸ ಇದ್ದವರ ಹಾಗೆ ನಡೆಯುತ್ತಿದ್ದರು.

ಬೆಳ್ಳುಳ್ಳಿಗೆ ಮಾತ್ರ ಕಾಲಿರಲಿಲ್ಲ. ಹಾಗಾಗಿ ಅವರಿಬ್ಬರೂ ಗೆಳತಿಯರಾದರು.

ಸಂಜೆ ನೀರಿಗೆ ಬಂದ ಬಾಳವ್ವ ಕೊಡ ಇಳಿಸಿ ಅವಳ ಪಕ್ಕ ಕೂರುತ್ತಿದ್ದಳು.

“ಇವತ್ತು ಯಾರ್ ಯಾರು ಬಂದಿದ್ರವಾ?”

“ಎತ್ತಿನ ಹೊಟ್ಟಿ ಉಬ್ಬಿತ್ತು. ಕರದ್ರು, ಕೊಟ್ಟೆ. ಗೌಡರ ಸೊಸಿಗೆ ನೆಗಡಿ. ಕರದ್ರು, ಕೊಟ್ಟೆ. ಆನಿ ಬಂದಿತ್ತು. ಅದಕ್ಕ ಏನಾಗಿತ್ತೋ ನಾ ಕೇಳಲಿಲ್ಲ. ಕರೀತು, ಕೊಟ್ಟೆ.”

“ಕೊಟ್ಟ ಮ್ಯಾಲೆ ಏನಾತು?”

“ಮನಿಗೆ ಹೋದ್ರು.”

“ಮನ್ಯಾಗ ಏನಾತು?”

“ನನಗೇನು ಕಾಲದಾವೇನ ಬಾಳವ್ವ, ಹಿಂದಿಂದ ಹೋಗಿ ನೋಡಾಕ? ಆರಾಮ ಆಗಿರಬೇಕು. ಇಲ್ಲಾಂದ್ರ ಬಂದು ಬೈತಿರಲಿಲ್ಲೇನು?”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎತ್ತಿನ ಹೊಟ್ಟೆ ಇಳಿದಿತ್ತು. ಗೌಡರ ಸೊಸೆಯ ನೆಗಡಿಯೂ ಹೋಗಿತ್ತು. ನಿಜ ಹೇಳಬೇಕೆಂದರೆ ಆ ನೆಗಡಿ ತಾನಾಗೇ ಹೊರಟು ನಿಂತಿತ್ತು. ಹೋಗುವಾಗ ಬೆಳ್ಳುಳ್ಳಿಯ ಹೆಸರು ಹೇಳಿ ಹೋಯಿತು, ಅಷ್ಟೇ. ಹೊಸ ಲೋಕದಲ್ಲಿ ಹೆಸರು ಬರಲು ಅಷ್ಟು ಸಾಕು. ಹಳೆಯ ಲೋಕದಲ್ಲೂ ಸಾಕು.

ಹೀಗಿರುವಾಗ ಬಾಳವ್ವನ ಮಗಳು ಗಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಊರಿನ ಅಷ್ಟೂ ಕೂಸುಗಳನ್ನು ಕೈಯಲ್ಲಿ ಹಿಡಿದವಳು ಬಾಳವ್ವ. ಆದರೂ ಮೊಮ್ಮಗಳ ಬೆರಳುಗಳನ್ನು ಎರಡೆರಡು ಸಲ ಎಣಿಸಿದಳು. ಕೂಸಿಗೆ ಹೆಸರಿಡುವ ಮುಂಚೆಯೇ ಮೂಗು ಕಟ್ಟಿತು. ಮೊಲೆ ಬಾಯಿಗಿಟ್ಟರೆ ಉಸಿರು ಸಿಗದು, ಉಸಿರು ಎಳೆದುಕೊಂಡರೆ ಹಾಲು ತಪ್ಪುತ್ತದೆ. ಅಳುತ್ತದೆ, ಮತ್ತೆ ಮೊಲೆ ಹುಡುಕುತ್ತದೆ.

ಅದೇ ಹೊತ್ತಿಗೆ ಬೀಗತಿ ಹಾಲವ್ವ, ಅಂದರೆ ಗಂಗಿಯ ಅತ್ತೆ, ಕೂಸು ನೋಡಲು ಬಂದಳು. ಬುಟ್ಟಿಯಲ್ಲಿ ತೊಟ್ಟಿಲ ಕೌದಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು ಇದ್ದವು. ಬುಟ್ಟಿಯಲ್ಲಿ ಹಿಡಿಯದ್ದು ಬಾಯಲ್ಲಿತ್ತು.

“ಏನ್ರೀ ಬೀಗತೆವ್ವ, ಬಾವಿ ಹಂತೇಕ ಅಷ್ಟು ದೊಡ್ಡ ಬೆಳ್ಳುಳ್ಳಿ ಕುಂತೈತಿ, ಮನ್ಯಾಗ ಕೂಸು ಮೂಗು ಕಟ್ಟಿ ಅಳತೈತಿ. ಅರದು ಅಂಗಾಲಿಗೆ ಕಟ್ರಿ. ಶೀತ ಎಲ್ಲಾ ಕಾಲಾಗ ಇಳದು ಹೋಕ್ಕೈತಿ.”

ಬಾಳವ್ವ ಎದ್ದವಳು ಅರ್ಧಕ್ಕೇ ನಿಂತಳು.

ಅವಳ ಕಣ್ಣು ಹೊಸ್ತಿಲ ಆಚೆ ಹೋಗಿತ್ತು. ಅಲ್ಲಿ ಅವಳ ನಾಯಿ ಬೂದಿ ಮಲಗಿತ್ತು. ಬೂದಿಯ ಕಿವಿಯಲ್ಲಿ ಉಣ್ಣಿ ಹತ್ತಿದ್ದವು ಎಂದು ಬಾಳವ್ವನೇ ದಿನಾ ರೊಟ್ಟಿಯಲ್ಲಿ ಬೆಳ್ಳುಳ್ಳಿ ಮಡಚಿ ಹಾಕುತ್ತ ಬಂದಿದ್ದಳು. ಒಂದು ಸಲ ಹಾಕಿದರೆ ಒಳ್ಳೆಯದು, ದಿನಾ ಹಾಕಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ. ಉಣ್ಣಿ ಇದ್ದಲ್ಲೇ ಇದ್ದವು. ಬೂದಿ ಮಾತ್ರ ಈಗ ಬೇಲಿ ದಾಟುತ್ತಿರಲಿಲ್ಲ, ಬೆಕ್ಕು ಬಂದರೂ ಕಣ್ಣಷ್ಟೇ ತೆರೆಯುತ್ತಿತ್ತು.

“ಸ್ವಲ್ಪ ತಡೀರಿ,” ಎಂದಳು ಬಾಳವ್ವ. “ನಾ ಒಂಚೂರು ಕೇಳ್ಕೊಂಡು ಬರ್ತೀನಿ.”

“ಕೂಸಿಗೆ ಮೂಗು ಕಟ್ಟೈತಿ, ನಿಮಗ ಪ್ರಶ್ನೆ ಕಟ್ಟೈತಿ,” ಎಂದಳು ಹಾಲವ್ವ.

“ಮೂಗು ಬಿಡಿಸೋದ್ರಾಗ ಮತ್ತೇನರ ಕಟ್ಟಬಾರದಲ್ರೀ. ಗಂಗೀ, ಕೂಸಿನ್ನ ಎದಿಗೆ ಹಾಕ್ಕೊಂಡು ನೆಟ್ಟಗ ಹಿಡ್ಕೋ. ಬಂದೆ.”

ಬಾಳವ್ವ ಮೊದಲು ಬೆಳ್ಳುಳ್ಳಿಯ ಹತ್ತಿರ ಹೋದಳು.

“ನಿನ್ನ ಅರದು ಹಸಿಗೂಸಿಗೆ ಕಟ್ಟಬಹುದೇನ?”

“ಕರದ್ರ ಬರ್ತೀನಿ,” ಎಂದಳು ಬೆಳ್ಳುಳ್ಳಿ ಸಂತೋಷದಿಂದ.

“ನೀ ಬರ್ತೀಯೋ ಇಲ್ಲೋ ಅಂತ ಕೇಳಲಿಲ್ಲ. ಬಂದ್ರ ಕೂಸಿಗೆ ಏನಾಗ್ತೈತಿ ಅಂತ ಕೇಳಿದೆ.”

“ನನಗ ಗೊತ್ತಿಲ್ಲ ಬಾಳವ್ವ,” ಎಂದಳು ಬೆಳ್ಳುಳ್ಳಿ. “ನಾ ಯಾರ ಮನ್ಯಾಗೂ ಉಳದು ನೋಡಿಲ್ಲ.”

ಅಷ್ಟರಲ್ಲಿ ಗಾಳಿ ಬಂತು. ಗಾಳಿ ಆ ಊರಿನ ಸುದ್ದಿಗಾರ. ಕದ ಹಾಕಿದ ಮನೆಗೂ ಹೋಗುತ್ತದೆ, ತೆರೆದ ಬಾಯಿಗೂ ಹೋಗುತ್ತದೆ.

“ಎಲ್ಲಾರ ಮನ್ಯಾಗ ಅಡ್ಡಾಡ್ತಿ,” ಎಂದಳು ಬಾಳವ್ವ. “ಬೆಳ್ಳುಳ್ಳಿ ತಿಂದ ಮ್ಯಾಲೆ ಏನಾಗ್ತೈತಿ, ಹೇಳು ನೋಡೋಣ.”

“ಒಬ್ಬೊಬ್ಬರಿಗೆ ಒಂದೊಂದು,” ಎಂದಿತು ಗಾಳಿ. “ಸಾರಿನ್ಯಾಗ ಬೇಯಿಸಿ ಉಂಡವ್ರು ತೇಗಿ ಮಲಗ್ತಾರ. ಹಸಿದ ಹೊಟ್ಟಿಗೆ ಹಸೀದ ನುಂಗಿದವ್ರು ಎದಿ ಉರಿ ಅಂತ ಹೊಳ್ಳಾಡ್ತಾರ. ಕುಂಬಾರ ದ್ಯಾಮಣ್ಣನ ಮನಿಗೆ ಹೋಗಿ ಬಾ. ನಾ ಈಗ ಅಲ್ಲಿಂದನ ಬಂದೆ.”

ದ್ಯಾಮಣ್ಣ ತಿಗರಿಯ ಪಕ್ಕ ಕಾಲು ಚಾಚಿ ಕೂತಿದ್ದ. ಪಾದಕ್ಕೆ ಸುತ್ತಿದ ಅರಿವೆ ತೊಯ್ದು ಕೆಂಪಾಗಿತ್ತು.

“ಏನಾತು ದ್ಯಾಮಣ್ಣ?”

“ಮುಳ್ಳು ಚುಚ್ಚಿತ್ತಕ್ಕ, ಕಿತ್ತಿದೆ. ಅಷ್ಟ. ರಕ್ತ ನಿಲ್ಲವಲ್ದು.”

ಸಣ್ಣ ಮುಳ್ಳು. ಅದು ಮಾಡಿದ ತೂತು ಅದಕ್ಕಿಂತ ಸಣ್ಣದು. ಬಾಳವ್ವ ಬೇರೆ ಅರಿವೆ ಮಡಚಿ ಗಾಯದ ಮೇಲೆ ಒತ್ತಿ ಹಿಡಿದಳು.

“ಏನರ ತಿಂದಿಯೇನು?”

“ಏನೂ ಇಲ್ಲಕ್ಕ.”

“ಬೆಳ್ಳುಳ್ಳಿ?”

“ಬೆಳ್ಳುಳ್ಳೀನಾ? ಇಲ್ಲಪಾ.”

ಅವನ ಬಾಯಿ ಮೂಸಿದರೂ ಏನು ಗೊತ್ತಾಗಬೇಕು? ಆಗ ಬೆಳ್ಳುಳ್ಳಿಗೆ ವಾಸನೆಯೇ ಇರಲಿಲ್ಲವಲ್ಲ. ಕಿಟಕಿಯಲ್ಲಿ ಗಾಳಿ ಕಿಸಕ್ಕನೆ ನಕ್ಕಿತು. ದ್ಯಾಮಣ್ಣ ಗಾಳಿಯ ಕಡೆ ಕೆಕ್ಕರಿಸಿ ನೋಡಿದ.

“ಅದು ಹೇಳೇಬಿಟ್ಟೈತಿ ಹೌದಲ್ಲ? ಎದಿ ಭಾರ ಅಂತಿತ್ತಕ್ಕ. ದಿನಾ ಒಂದು ಹಿಡಿ ತಿಂತೀನಿ. ಮನ್ಯಾಕಿ ಅದಕ್ಕಂತನ ಗುಡ್ಡದ ಬೇರು ತೇದು ಕೊಡ್ತಾಳ, ಅದನ್ನೂ ಕುಡೀತೀನಿ. ಆಕಿಗೆ ಇದನ್ನ ಹೇಳಿಲ್ಲ. ಹೇಳಿದ್ರ ‘ನನ್ನ ಬೇರಿನ ಮ್ಯಾಲೆ ನಂಬಿಕಿ ಇಲ್ಲೇನು’ ಅಂತಾಳ.”

“ಎರಡೂ ಕೂಡಿ ನಿನ್ನ ರಕ್ತಾನ ನೀರು ಮಾಡ್ಯಾವ,” ಎಂದಳು ಬಾಳವ್ವ. “ಮುಳ್ಳಿಗೆ ಹಿಂಗಾದ್ರ, ನಾಳೆ ಯಾರರ ನಿನ್ನ ಕುರ ಕೊಯ್ಯಾಕ ಕತ್ತಿ ಹಿಡದ್ರ ಏನಾಗಬೇಕು? ಕತ್ತಿ ಹಿಡದಾವಗ ಗೊತ್ತಾಗೋದು ಹೆಂಗ?”

“ಕೇಳಿದ್ರ ಹೇಳ್ತೀನಿ.”

“ಈಗ ನಾ ಕೇಳಿದಾಗ ಹೇಳಿದಂಗ.”

ದ್ಯಾಮಣ್ಣ ತಿಗರಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. ಬಾಳವ್ವ ರಕ್ತ ನಿಲ್ಲುವ ತನಕ ಗಾಯ ಒತ್ತಿಯೇ ಕೂತಳು. ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲೆಲ್ಲ ಅವಳ ಕಿವಿ ಮಾತ್ರ ತನ್ನ ಮನೆಯ ಕಡೆಗೇ ಇತ್ತು.

ಮನೆಯ ದಾರಿಯಲ್ಲಿ ಹೊಳೆ ಅಡ್ಡ ಬಂತು. ಬೆಳಿಗ್ಗೆ ಅದು ಅಲ್ಲಿರಲಿಲ್ಲ.

“ಹೊಳೆವ್ವಾ, ಪಕ್ಕಕ್ಕ ಸರಿ,” ಎಂದಳು ಬಾಳವ್ವ. “ಇಲ್ಲಾಂದ್ರ ನಿಂತು ಒಂದು ಮಾತು ಹೇಳು. ನನ್ನ ಬೂದಿ ನಿನ್ನ ಹತ್ರ ನೀರಿಗೆ ಬರ್ತೈತಿ. ಏನರ ಕಂಡಿಯೇನು?”

“ಕಂಡೀನಿ,” ಎಂದಿತು ಹೊಳೆ. “ನೀರು ಕುಡಿಯೋವಾಗ ಅದರ ಬಾಯಿ ನನ್ನಾಗ ಕಾಣತೈತಿ. ಮೊದಲ ಅದರ ವಸಡು ದಾಸವಾಳದಂಗ ಇತ್ತು. ಈಗ ಸುಣ್ಣದ ಗ್ವಾಡಿ. ಅದರ ರಕ್ತದಾಗಿನ ಕೆಂಪು ಒಡದು ಹೊಂಟೈತಿ ಬಾಳವ್ವ.”

“ಅದ ಬೆಳ್ಳುಳ್ಳಿ ಎತ್ತಿನ ಹೊಟ್ಟಿ ಇಳಿಸ್ತಲ್ಲ.”

“ನಾನೂ ಒಂದ ಹೊಳೀನ. ನನ್ನಾಗ ಮೀನು ಮನಿ ಮಾಡೈತಿ. ಇರುವಿ ಬಿದ್ರ ಸಾಯತೈತಿ. ನಾ ಇಬ್ಬರಿಗೂ ಬ್ಯಾರೆ ಬ್ಯಾರೆ ನೀರು ಕೊಟ್ಟಿಲ್ಲ.”

ಬಾಳವ್ವ ಅಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಅವಳು ‘ಏನು ಕೊಟ್ಟೆ’ ಎಂದು ಕೇಳಿದ್ದಳು, ‘ಏನಾತು’ ಎಂದು ಕೇಳಿದ್ದಳು. ‘ಯಾರಿಗೆ’ ಎಂದು ಕೇಳಿರಲಿಲ್ಲ. ಆನೆಗೆ, ಎತ್ತಿಗೆ, ನಾಯಿಗೆ, ಕೂಸಿಗೆ. ಅಂಗೈಯಷ್ಟೂ ಇಲ್ಲದ ಕೂಸಿನ ಪಾದಕ್ಕೆ.

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಹೊಳೆ ನಾಚಿ ಪಕ್ಕಕ್ಕೆ ಸರಿಯಿತು.

ಕೂಸಿನ ಕೂಗು ಓಣಿಯ ತುದಿಗೇ ಕೇಳಿಸಿತು. ಅದು ಮೂಗು ಕಟ್ಟಿದ ಅಳುವಲ್ಲ. ಬಾಳವ್ವನಿಗೆ ಕೂಸುಗಳ ಅಳು ಗೊತ್ತಿತ್ತು.

ಒಳಗೆ ಹಾಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. ಕೂಸಿನ ಎರಡೂ ಅಂಗಾಲಿಗೆ ಬಾಳೆಲೆಯ ತುಂಡು, ಎಲೆಯ ಮೇಲೆ ದಾರ. ಎಲೆಯೊಳಗೆ ಅರೆದ ಬೆಳ್ಳುಳ್ಳಿ.

“ನೀವು ಹೋದ ಕೂಡ್ಲೆ ಕಟ್ಟೀನ್ರೀ. ಶೀತ ಇಳಿಯಾಕ ಹತ್ತೈತಿ, ಅದಕ್ಕ ಅಳತೈತಿ,” ಎಂದಳು ಹಾಲವ್ವ. ಆದರೆ ಅವಳ ದನಿಯಲ್ಲಿ ಬಂದಾಗಿನ ಗಟ್ಟಿತನ ಇರಲಿಲ್ಲ.

ಬಾಳವ್ವ ದಾರ ಬಿಚ್ಚುವ ವ್ಯವಧಾನವೂ ಇಲ್ಲದೆ ಹಲ್ಲಿನಿಂದ ಕಡಿದಳು. ಎಲೆ ತೆಗೆದು, ಒರೆಸಿ, ತಣ್ಣೀರು ಹೊಯ್ದಳು, ಮತ್ತೆ ಹೊಯ್ದಳು. ಬಲಗಾಲಿನ ಅಂಗಾಲಲ್ಲಿ ಬೆಂಕಿ ತಾಗಿದ ಹಾಗೆ ಕೆಂಪಾಗಿತ್ತು. ನಡುವೆ ತೊಗರಿಕಾಳಿನಷ್ಟು ಬೊಬ್ಬೆ ಎದ್ದಿತ್ತು.

“ಒಲಿ ಹತ್ರಾನೂ ಹೋಗಿಲ್ಲ,” ಎಂದಳು ಗಂಗಿ ಮೆಲ್ಲಗೆ. “ಬೆಂಕಿ ಇಲ್ಲದ ಹೆಂಗ ಸುಟ್ಟಿತು ಯವ್ವಾ?”

ಹಾಲವ್ವ ತನ್ನ ಕೈ ನೋಡಿಕೊಂಡಳು. ಅರೆದ ಬೆರಳುಗಳೂ ಚುರುಗುಟ್ಟುತ್ತಿದ್ದವು. ಅವಳು ಅದನ್ನು ಆಗಲೇ ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. “ನಾ ಒಳ್ಳೇದಕ್ಕ ಮಾಡಿದ್ನೆವ್ವ,” ಎಂದಳು. ಆಮೇಲೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಗಾಳಿ ಸುಮ್ಮನಿರುತ್ತದೆಯೇ? ಕೂಸಿನ ಕಾಲು ಸುಟ್ಟ ಸುದ್ದಿ ಬೊಬ್ಬೆ ಇಳಿಯುವ ಮುಂಚೆ ಊರು ಸುತ್ತಿತು. ಜನ ಬಾವಿಯ ಹತ್ತಿರ ಸೇರಿದರು. ನಿನ್ನೆ ತನಕ ಕೆರೆದುಕೊಂಡು ಹೋದವರೇ ಮುಂದೆ ನಿಂತಿದ್ದರು.

“ಬೇರು ಸಹಿತ ಕಿತ್ತು ಹೊಳಿಗೆ ಒಗೀರಿ,” ಎಂದರು.

“ನನಗ ಬ್ಯಾಡ,” ಎಂದಿತು ಹೊಳೆ. “ನನ್ನಾಗ ಮೀನದಾವ.”

ದ್ಯಾಮಣ್ಣ ಕುಂಟುತ್ತಲೇ ಸಲಿಕೆ ತಂದ. ಕದ್ದು ತಿಂದವರ ಸಿಟ್ಟು ಯಾವಾಗಲೂ ಒಂದು ಕೈ ಹೆಚ್ಚು.

ಬೆಳ್ಳುಳ್ಳಿ ಬರಿಮೈಯಲ್ಲಿ ನಡುಗುತ್ತಿದ್ದಳು. “ಕರದ್ರು,” ಎಂದಳು. “ಕೊಟ್ಟೆ.” ಅದೇ ಮಾತು. ಈ ಸಲ ಅದು ಜಂಬದ ಹಾಗೆ ಕೇಳಿಸಲಿಲ್ಲ.

ಬಾಳವ್ವ ಜನರ ಹಿಂದೆ ನಿಂತಿದ್ದಳು. ಸಲಿಕೆ ಬೀಳಲಿ ಎಂದು ಅವಳಿಗೂ ಒಂದು ಗಳಿಗೆ ಅನ್ನಿಸಿತು. ಮೊಮ್ಮಗಳ ಅಂಗಾಲು ಕಣ್ಣಮುಂದೆ ಇತ್ತು. ಅದರ ಪಕ್ಕದಲ್ಲೇ ಹೆತ್ತು ಹಣ್ಣಾದ ಗಂಗಿ ಬಿಸಿ ಬೆಳ್ಳುಳ್ಳಿ ಸಾರು ಕುಡಿಯುತ್ತ, ಮೊದಲ ಸಲ ಹಣೆಯ ಬೆವರು ಒರೆಸಿಕೊಂಡು ನಕ್ಕಿದ್ದೂ ಇತ್ತು. ಎರಡೂ ಇದೇ ಬೆಳ್ಳುಳ್ಳಿ. ಹಾಗಾದರೆ ನಡುವೆ ಏನು ಬದಲಾಯಿತು? ಅವಳಿಗೆ ಸಿಟ್ಟಿಗಿಂತ ಆ ಪ್ರಶ್ನೆಯೇ ದೊಡ್ಡದಾಯಿತು.

ಅವಳು ಹೋಗಿ ಸಲಿಕೆಯ ಕಾವು ಹಿಡಿದಳು.

“ಬಿಡಕ್ಕ,” ಎಂದ ದ್ಯಾಮಣ್ಣ. “ಸುಟ್ಟಿದ್ದು ನಿನ್ನ ಮೊಮ್ಮಗಳನ್ನ.”

“ಅದಕ್ಕ ನಾ ಮಾತಾಡ್ತೀನಿ. ಈಕೀ ತಪ್ಪು ವಿಷದ್ದಲ್ಲ, ಅವಸರದ್ದು. ನಮ್ಮದೂ ಅದ. ಉಗುರು ಹಾಕಿದ್ರ ಬರ್ತಾಳ. ಯಾರಿಗೆ, ಎಷ್ಟು, ಹಸೀದೋ ಬೇಯಿಸಿದ್ದೋ ಅಂತ ಕೇಳಾಕ ನಡುವ ಜಾಗಾನ ಇಲ್ಲ. ಭೂಮವ್ವಾ, ಕೇಳಸಾಕತ್ತೈತೇನು? ನೀ ಹಡದಾಕಿ ಈಕೀನ. ಒಂಚೂರು ತಡ ಮಾಡಿಸು.”

ಭೂಮಿತಾಯಿ ಮಾತಾಡುವುದು ಅಪರೂಪ. ಮಾತಾಡಿದರೆ ಮಡಕೆಗಳು ಅಲುಗುತ್ತವೆ. ದ್ಯಾಮಣ್ಣ ಸಲಿಕೆ ಬಿಟ್ಟು ಮನೆಯ ಕಡೆ ನೋಡಿದ.

“ಅಷ್ಟೊಂದು ಮಂದಿಯನ್ನ ಹಡದೀನಿ,” ಎಂದಳು ಭೂಮಿ ನಿಧಾನವಾಗಿ. “ಈಕಿ ಹೊರಗ ಬರೋವಾಗ ಅವಸರ ಮಾಡಿದಳು. ಅಂಗಿ ತೊಡಸಾಕ ಆಗಲಿಲ್ಲ.”

ನೆಲ ಬಾಯಿ ತೆರೆದು ಬೆಳ್ಳುಳ್ಳಿಯನ್ನು ಒಳಗೆ ಎಳೆದುಕೊಂಡಿತು. ಬಾವಿಯ ಪಕ್ಕ ಬರೀ ತಗ್ಗು ಉಳಿಯಿತು. ಬಾಳವ್ವ ತಗ್ಗಿನ ಅಂಚಿನಲ್ಲಿ ಕೂತು ಇಣುಕಿದಳು. ಅಂಥದ್ದನ್ನು ನೋಡದೆ ಬಿಡುವ ಜೀವ ಅದಲ್ಲ.

ಒಳಗೆ ಭೂಮಿ ದೊಡ್ಡ ಬೆಳ್ಳುಳ್ಳಿಯನ್ನು ಸಣ್ಣ ಸಣ್ಣ ಎಸಳು ಮಾಡಿ ಬಿಡಿಸಿದಳು. ಒಂದೊಂದು ಎಸಳಿಗೂ ಮೈಗೆ ಅಂಟುವ ಬಿಗಿ ಅಂಗಿ ತೊಡಿಸಿದಳು. ಅಂಗಿ ತೊಟ್ಟ ಎಸಳುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಗಡ್ಡೆ ಗಡ್ಡೆಯಾಗಿ ಕೂರಿಸಿ, ಒಂದೊಂದು ಗಡ್ಡೆಗೂ ಇನ್ನೊಂದು, ಅದರ ಮೇಲೆ ಮತ್ತೊಂದು ತೆಳ್ಳನೆಯ ಹೊದಿಕೆ ಸುತ್ತಿದಳು.

“ಈಗ ಉಗುರು ಹಾಕಲಿ ನೋಡೋಣ,” ಎಂದಳು.

“ಅಂಗಿ ಬಿಚ್ಚಿ ಒಗದ್ರ ಮತ್ತ ಅದ ಹಾಡಲ್ಲ?” ಎಂದಳು ಬಾಳವ್ವ ಮೇಲಿನಿಂದ.

ಭೂಮಿ ನಿಟ್ಟುಸಿರು ಬಿಟ್ಟಳು. ಊರಿನಲ್ಲಿ ಎರಡು ಮಡಕೆ ಒಡೆದವು. ಆಮೇಲೆ ಆಕೆ ಒಂದೊಂದು ಎಸಳಿನೊಳಗೂ ಕಣ್ಣಿಗೆ ಕಾಣದಂಥ ಗೋಡೆಗಳನ್ನು ಎತ್ತಿದಳು. ಗೋಡೆಯ ಈಚೆ ಖಾರವನ್ನು ಮಲಗಿಸಿದಳು. ಆಚೆ, ಅದನ್ನು ಎಬ್ಬಿಸುವವಳನ್ನು ಕೂರಿಸಿದಳು. “ಜಜ್ಜಿದರೇನೇ ಗ್ವಾಡಿ ಒಡೀತೈತಿ. ಒಡದ ಮ್ಯಾಲೂ ಎಬ್ಬಿಸಾಕಿ ಹೋಗಿ ತಟ್ಟಿ ಎಬ್ಬಿಸಬೇಕು. ಅಲ್ಲಿ ತನಕ ಕಾಯಬೇಕು. ಸಾಕೇನು?”

“ಇನ್ನೊಂದು,” ಎಂದಳು ಬಾಳವ್ವ.

“ನಿನ್ನ ಹಡದಾಗೂ ನಾ ಅವಸರ ಮಾಡಿರಬೇಕು,” ಎಂದಳು ಭೂಮಿ.

“ತಿಂದವ್ರು ತಿಂದಿಲ್ಲ ಅಂತಾರ. ಒಂದು ಮದ್ದಿನ ಮ್ಯಾಲೆ ಇನ್ನೊಂದು ಮದ್ದು ಬೀಳತೈತಿ, ಕೊಟ್ಟಾಕಿಗೆ ಗೊತ್ತಾಗೋದಿಲ್ಲ. ಅದಕ್ಕೇನು?”

ದ್ಯಾಮಣ್ಣ ಅಲ್ಲಿಂದ ಜಾರಿಕೊಳ್ಳಲು ನೋಡಿದ. ಕುಂಟುವ ಕಾಲು ಬಿಡಲಿಲ್ಲ.

ಭೂಮಿ ಯೋಚಿಸಿದಳು. ಗಾಳಿ ತಾನೇ ಮುಂದೆ ಬಂದು, “ನನಗ ಕೊಡು ಆ ಕೆಲಸ,” ಎಂದಿತು. ಹಾಗೆ ಬೆಳ್ಳುಳ್ಳಿಗೆ ವಾಸನೆ ಬಂತು. ಅಂಗಿಯೊಳಗೆ ಇರುವಾಗ ಸುಮ್ಮನಿರುವ ವಾಸನೆ. ಗೋಡೆ ಒಡೆದೊಡನೆ ಎದ್ದು, ಕೈಗೆ ಹತ್ತಿ, ಬಾಯಿಗೆ ಹತ್ತಿ, ತೊಳೆದರೂ ಹೋಗದೆ, ಮುಚ್ಚಿಟ್ಟರೂ ಉಸಿರಿನಲ್ಲಿ ಹೊರಗೆ ಬಂದು ಹೇಳಿಬಿಡುವ ವಾಸನೆ. ಮುಂಚೆಯೇ ಹೊಟ್ಟೆ ಸೇರಿದ್ದಕ್ಕೂ ಆ ವಾಸನೆ ಬಂದು, ದ್ಯಾಮಣ್ಣನ ಹೆಂಡತಿಗೆ ಅದೇ ಸಂಜೆ ಎಲ್ಲಾ ತಿಳಿಯಿತು. ಅವರ ಮನೆಯಲ್ಲಿ ಏನು ಮಾತಾಯಿತು ಎಂಬುದು ಗಾಳಿಗೆ ಮಾತ್ರ ಗೊತ್ತು, ಅಂದರೆ ಎಲ್ಲರಿಗೂ ಗೊತ್ತು.

ಕೊನೆಗೆ ಭೂಮಿ ಬೆಳ್ಳುಳ್ಳಿಯನ್ನು ಕೇಳಿದಳು: “ನಿನಗೇನರ ಬೇಕೇನು?”

ಅಂಗಿಯೊಳಗಿಂದ ಸಣ್ಣ ದನಿ ಬಂತು. ಒಂದಲ್ಲ, ಎಸಳಿಗೊಂದು ದನಿ. “ನನಗ ಮನಿಯೊಳಗ ಇರಬೇಕು. ಕೊಟ್ಟ ಮ್ಯಾಲೆ ಏನಾಗ್ತೈತಿ ಅಂತ ನೋಡಬೇಕು.”

ಬಾಳವ್ವ ಕೇಳಿದ ಪ್ರಶ್ನೆ ಅದು. ಈಗ ಅದು ಗೆಳತಿಗೂ ಹತ್ತಿತ್ತು.

ಹಾಗಾಗಿ ಮನೆಮನೆಗೂ ಒಂದೊಂದು ಗೊಂಚಲು ಗಡ್ಡೆ ಹೋಯಿತು. ಬಾಳವ್ವ ತನ್ನ ಪಾಲಿನದನ್ನು ದಂಟು ಹಿಡಿದು ಕಟ್ಟಿ, ಅಡಿಗೆಮನೆಯ ಜಂತಿಗೆ ಎತ್ತರದಲ್ಲಿ ತೂಗುಹಾಕಿದಳು. ಬೆಳ್ಳುಳ್ಳಿಗೆ ಅಲ್ಲಿಂದ ಎಲ್ಲ ಕಾಣುತ್ತದೆ. ಬೂದಿಯ ಬಾಯಿ ಅಲ್ಲಿಗೆ ಎಟುಕುವುದಿಲ್ಲ.

ಬೂದಿಗೆ ಮತ್ತೆಂದೂ ಯಾರೂ ಅದನ್ನು ಕೊಡಲಿಲ್ಲ. ಬಾಳವ್ವ ಕೂತು ಕೈಯಿಂದಲೇ ಉಣ್ಣಿ ಕಿತ್ತಳು. ನಾಯಿ ದಿನೇ ದಿನೇ ತಲೆ ಎತ್ತಿತು, ಆಮೇಲೆ ಬಾಲ ಎತ್ತಿತು. ಒಂದು ಬೆಳಿಗ್ಗೆ ಬೆಕ್ಕನ್ನು ಬೇಲಿ ದಾಟಿಸಿ ಬಂತು. ಕೂಸಿನ ಮೂಗನ್ನು ಗಂಗಿ ಮೆತ್ತನೆಯ ಒದ್ದೆ ಅರಿವೆಯಿಂದ ಒರೆಸುತ್ತ, ನೆಟ್ಟಗೆ ಎದೆಗವಚಿಕೊಂಡು ಗುಟುಕು ಗುಟುಕಾಗಿ ಹಾಲು ಕುಡಿಸುತ್ತ ಕೂತಳು. ಬಾಳವ್ವ ಪಕ್ಕದಲ್ಲಿ ಉಸಿರು ಎಣಿಸುವವಳಂತೆ ಕಾದಳು. ಮೂಗು ಬಿಟ್ಟಿತು. ಬೊಬ್ಬೆ ಒಣಗಿತು. ಅಂಗಾಲಲ್ಲಿ ತೊಗರಿಕಾಳಿನಷ್ಟು ಕಲೆ ಮಾತ್ರ ಉಳಿಯಿತು.

ಹಾಲವ್ವ ಊರಿಗೆ ಹೋಗದೆ ಉಳಿದಿದ್ದಳು. ಮುಖ ಎತ್ತಿ ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಾಳವ್ವ ಅವಳ ಮುಂದೆ ಮೊರ ಇಟ್ಟು, ಅದರಲ್ಲಿ ಒಂದು ಗಡ್ಡೆ ಇಟ್ಟಳು.

“ಬೀಗತೆವ್ವ, ಸಾರಿಗೆ ಒಂದಿಷ್ಟು ಸುಲದು ಕೊಡ್ರಿ.”

“ನನ್ನ ಕೈಯಾಗ ಕೊಡ್ತೀರೇನು?” ಎಂದಳು ಹಾಲವ್ವ.

“ಮತ್ಯಾರ ಕೈಯಾಗ ಕೊಡ್ಲಿ?”

ಹಾಲವ್ವ ಮೇಲಿನ ಹೊದಿಕೆ ತೆಗೆದಳು. ಅದು ಹಾರಿ ಮೂಗಿಗೆ ಹತ್ತಿತು. ಎಸಳು ಬಿಡಿಸಿದಳು. ಬಿಗಿ ಅಂಗಿ ಬರಲೊಲ್ಲದು. ಉಗುರಿನ ಸಂದಿಗೆ ಹೊಕ್ಕು ಕೂತಿತು. “ಇದೇನ್ರೀ ಇದು, ಮದುಮಗಳ ಕೈಬಳಿ ತಗದಂಗ,” ಎಂದು ಗೊಣಗಿದಳು. ಒಂದು ಎಸಳಾಯಿತು. ಇನ್ನೊಂದು ಹಿಡಿದಳು. ಜಂತಿಯ ಮೇಲಿಂದ ಬೆಳ್ಳುಳ್ಳಿ ಕುತೂಹಲದಿಂದ ಬಗ್ಗಿ ನೋಡುತ್ತಿದ್ದಳು.

ಅಂಗಿ ಅರ್ಧ ಬಿಚ್ಚಿದ ಎಸಳನ್ನು ಹಿಡಿದುಕೊಂಡೇ ಹಾಲವ್ವ ಕೈ ನಿಲ್ಲಿಸಿದಳು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದಳು.

“ಬೀಗತೆವ್ವ, ಇದು ಯಾರಿಗೆ? ಬಾಣಂತಿಗೊ, ನಮಗೊ? ಎಷ್ಟು ಹಾಕೋದು? ಆಕಿ ಮತ್ತೇನರ ಮದ್ದು ತಗೊಳ್ಳಾಕತ್ತಾಳೇನು?”

ಬಾಳವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ತಿರುಗಲಿಲ್ಲ. ತಿರುಗಿದ್ದರೆ ಅವಳ ನಗು ಬೀಗತಿಗೆ ಕಾಣುತ್ತಿತ್ತು.

“ನಿಮಗೂ ಪ್ರಶ್ನೆ ಕಟ್ಟಿತಲ್ರೀ,” ಎಂದಳು.

ಅಂದಿನಿಂದ ಅಂಗಿ ಬಿಚ್ಚಲು ಹಿಡಿಯುವ ಆ ಹೊತ್ತು ಹಾಗೇ ಉಳಿದುಬಂದಿದೆ. ಆ ಹೊತ್ತಿನಲ್ಲಿ ಯೋಚಿಸಿದವರು ಬೆಳ್ಳುಳ್ಳಿಯನ್ನು ಸಾರಿಗೆ ಹಾಕುತ್ತಾರೆ, ಕೂಸಿನ ಮೈಗೆ ಕಟ್ಟುವುದಿಲ್ಲ. ನಾಯಿಯ ತಟ್ಟೆಗೆ ಬೀಳಿಸುವುದಿಲ್ಲ. ರಕ್ತ ತೆಳ್ಳಗಾಗುವ ಗುಳಿಗೆ ನುಂಗುವ ಅಜ್ಜನಿಗೆ ಹಿಡಿಗಟ್ಟಲೆ ಕೊಡುವುದಿಲ್ಲ. ಆಪರೇಷನ್ನಿಗೆ ಮುಂಚೆ ಡಾಕ್ಟರು ‘ಏನೇನು ತಗೊಳ್ತೀರಿ’ ಎಂದರೆ ಇದನ್ನೂ ಹೇಳುತ್ತಾರೆ. ಹೇಳದವರ ಬಾಯಿ ತಾನೇ ಹೇಳಿಬಿಡುತ್ತದೆ.

ಹಾಗಾಗಿ, ಮಕ್ಕಳೇ, ಅಜ್ಜಿ ಮೊರದ ಮುಂದೆ ಕೂತು ಒಂದೊಂದೇ ಎಸಳಿನ ಅಂಗಿ ಬಿಚ್ಚುತ್ತ, ನಡುವೆ ಕೈ ನಿಲ್ಲಿಸಿ ಏನನ್ನೋ ಯೋಚಿಸುವುದು ಕಂಡರೆ, ಬೇಗ ಬೇಗ ಎಂದು ಅವಸರ ಮಾಡಬೇಡಿ. ಆ ಬಿಗಿ ಅಂಗಿಯನ್ನು ಭೂಮಿ ತೊಡಿಸಿದ್ದೇ ಅಜ್ಜಿ ಹಾಗೆ ಒಂದು ಗಳಿಗೆ ನಿಲ್ಲಲಿ ಎಂದು.